ಮೂಗುದಾರ ಕಳಚಿದ ವಂಶವಾಹಿ: ಬೆಲ್ಜಿಯನ್ ಬ್ಲೂ ದನಕ್ಕೆ ಅಷ್ಟು ಸ್ನಾಯು ಬಂದದ್ದು ಎಲ್ಲಿಂದ?

ಪ್ರಶ್ನೆ: ಕೆಲಸದ ನಿಮಿತ್ತ ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ಒಂದು ವರ್ಷ ಇದ್ದೆ. ಊರಾಚೆಯ ಹುಲ್ಲುಗಾವಲುಗಳಲ್ಲಿ ನೀಲಿ ಬಿಳಿ ಮಚ್ಚೆಯ ದನಗಳನ್ನು ಕಂಡು ಬೆರಗಾದೆ. ತೊಡೆ, ಭುಜಗಳು ಪೈಲ್ವಾನರ ಮೈಯಂತೆ ಉಬ್ಬಿ, ತೊಗಲಿನ ಕೆಳಗೆ ಒಂದೊಂದು ಸ್ನಾಯುವೂ ಬೇರೆಬೇರೆಯಾಗಿ ಎದ್ದು ಕಾಣುತ್ತಿತ್ತು. ಇದು ಚುಚ್ಚುಮದ್ದಿನ ಫಲವೇ, ಮೇವಿನದೇ, ಇಲ್ಲವೇ ವಂಶದಿಂದ ಬಂದದ್ದೇ? ವಂಶದ್ದಾದರೆ ಮಾಂಸಕ್ಕಾಗಿ ಸಾಕುವ ಬೇರೆ ತಳಿಗಳಲ್ಲಿಯೂ ಅದೇ ಗುಣವಿದೆಯೇ? ನಮ್ಮ ಮನೆಯಲ್ಲಿ ಹಳ್ಳಿಕಾರ್ ಎತ್ತುಗಳೂ ಬಂಡೂರು ಕುರಿಗಳೂ ಇವೆ. ಅವುಗಳಿಗೂ ಇದಕ್ಕೂ ಏನಾದರೂ ಸಂಬಂಧ ಉಂಟೇ?
(ಮಂಡ್ಯ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನೀವು ಕಂಡದ್ದು ಬೆಲ್ಜಿಯನ್ ಬ್ಲೂ ಎಂಬ ತಳಿ, ಅದರ ಮೈಕಟ್ಟು ವಂಶದಿಂದ ಬಂದದ್ದು. ನೀವು ಇದ್ದ ಊರಿಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಚುಚ್ಚುಮದ್ದಿನ ಬಗ್ಗೆ ನಿಮಗೆ ಅನುಮಾನ ಬಂದದ್ದು ತಪ್ಪೇನಲ್ಲ. ದನಗಳನ್ನು ಬೇಗ ಬೆಳೆಸಲು ಹಾರ್ಮೋನು ಕೊಡುವುದನ್ನು ಯುರೋಪಿನ ಒಕ್ಕೂಟ 1980ರ ದಶಕದಲ್ಲಿಯೇ ನಿಷೇಧಿಸಿದ್ದರೂ ಬೆಲ್ಜಿಯಂನಲ್ಲಿ ಅದರ ಕಳ್ಳವ್ಯಾಪಾರ ನಡೆಯುತ್ತಿತ್ತು. ಅದನ್ನು ಬೆನ್ನಟ್ಟಿದ್ದ ಕಾರೆಲ್ ವಾನ್ ನೋಪೆನ್ ಎಂಬ ಪಶುವೈದ್ಯ ತಪಾಸಣಾಧಿಕಾರಿಯನ್ನು 1995ರಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಆದರೆ ಹಾರ್ಮೋನು ಇರುವ ಸ್ನಾಯುವನ್ನು ಒಂದಿಷ್ಟು ದಪ್ಪ ಮಾಡಬಲ್ಲದೇ ಹೊರತು, ಹುಟ್ಟುವಾಗಲೇ ತೊಡೆ ಉಬ್ಬಿರುವ ಕರುವನ್ನು ತಾಯಿಯ ಹೊಟ್ಟೆಯೊಳಗೆ ತಯಾರಿಸಲಾರದು. ಬೆಲ್ಜಿಯನ್ ಬ್ಲೂ ಕರು ಒಂದು ಹಿಡಿ ಮೇವನ್ನೂ ತಿನ್ನುವ ಮೊದಲು ಆ ಲಕ್ಷಣವನ್ನು ಹೊತ್ತುಕೊಂಡೇ ಬರುತ್ತದೆ.

ಇಂಥ ದನಗಳನ್ನು ಯುರೋಪಿನ ರೈತರು ಇನ್ನೂರು ವರ್ಷಗಳಿಗೂ ಹಿಂದಿನಿಂದ ಬಲ್ಲರು. ಇಂಗ್ಲೆಂಡಿನ ಜಾನುವಾರು ಸಾಕಣೆಗಾರ ಜಾರ್ಜ್ ಕಲ್ಲಿ 1807ರಲ್ಲಿಯೇ ಇವುಗಳ ವರ್ಣನೆ ಬರೆದಿಟ್ಟಿದ್ದಾನೆ. ತೊಡೆಯ ಮೇಲಿನ ಸ್ನಾಯುಗಳ ನಡುವೆ ಆಳವಾದ ಗೀರು ಕಾಣುವುದರಿಂದ ಒಂದೊಂದು ಸ್ನಾಯುವೂ ಎರಡೆರಡು ಇರುವಂತೆ ಭಾಸವಾಗುತ್ತದೆ. ಹಾಗಾಗಿ ಇವುಗಳಿಗೆ 'ಜೋಡಿ ಸ್ನಾಯು'ವಿನ ದನಗಳೆಂದು ಹೆಸರು ಬಂದಿತು. ನಿಜದಲ್ಲಿ ಯಾವ ಸ್ನಾಯುವೂ ಜೋಡಿಯಾಗಿಲ್ಲ. ಎಲ್ಲ ದನಗಳಲ್ಲಿರುವಷ್ಟೇ ಸ್ನಾಯುಗಳು ಇವುಗಳಲ್ಲಿಯೂ ಇವೆ, ಆದರೆ ಪ್ರತಿಯೊಂದರ ಒಳಗೂ ಎಳೆಗಳು ಹೆಚ್ಚು. ಈ ಲಕ್ಷಣ ತಂದೆತಾಯಿಯಿಂದ ಮರಿಗೆ ಯಾವ ಲೆಕ್ಕದಲ್ಲಿ ಇಳಿಯುತ್ತದೆ ಎಂಬುದರ ಬಗ್ಗೆ ಬಹುಕಾಲ ವಾದವಿತ್ತು. ಅದು ಮುಖ್ಯವಾಗಿ ಒಂದೇ ವಂಶವಾಹಿಯ ಕೆಲಸವೆಂದು ಲಿಯೇಜ್ ವಿಶ್ವವಿದ್ಯಾಲಯದ ರೋಜೆ ಹಾನ್ಸೆ ಮತ್ತು ಸಂಗಡಿಗರು 1980ರ ದಶಕದಲ್ಲಿ ತಳಿಯ ದಾಖಲೆಗಳ ಬಲದಿಂದ ತೋರಿಸಿಕೊಟ್ಟರು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೂ ಪ್ರತಿಗಳು ಬದಲಾಗಿದ್ದರೆ ಮಾತ್ರ ನೀವು ನೋಡಿದ ಪೂರ್ಣ ರೂಪ ಬರುತ್ತದೆ. ಒಂದೇ ಪ್ರತಿ ಬದಲಾಗಿದ್ದರೆ ಹೊರನೋಟಕ್ಕೆ ದನ ಹೆಚ್ಚುಕಡಿಮೆ ಸಾಮಾನ್ಯವಾಗಿಯೇ ಕಂಡರೂ ತೂಗಿ ನೋಡಿದಾಗ ಮಾಂಸ ತುಸು ಹೆಚ್ಚಿರುತ್ತದೆ. 'ತುಸು' ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ತಳಿ ಬೆಳೆಸುವವರಿಗೆ ಲಾಭವಿರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಮತ್ತೆ ಬರುತ್ತೇನೆ.

ಆ ವಂಶವಾಹಿ ಯಾವುದೆಂಬುದು ತಿಳಿದದ್ದು ದನಗಳಿಂದಲ್ಲ, ಇಲಿಗಳಿಂದ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಮೆಕ್‌ಫೆರಾನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ ಅವರು ಅದುವರೆಗೆ ಯಾರೂ ಗುರುತಿಸಿರದ ಒಂದು ವಂಶವಾಹಿಯನ್ನು ಇಲಿಗಳಲ್ಲಿ ಕೆಲಸ ಮಾಡದಂತೆ ಕೆಡಿಸಿ, ಹುಟ್ಟಿದ ಮರಿಗಳನ್ನು ಪರೀಕ್ಷಿಸಿದರು. ಆ ಇಲಿಗಳ ಸ್ನಾಯುಗಳು ಸಾಮಾನ್ಯ ಇಲಿಗಳವಕ್ಕಿಂತ ಎರಡರಿಂದ ಮೂರು ಪಟ್ಟು ತೂಗಿದವು. 1997ರ ಮೇ ತಿಂಗಳಲ್ಲಿ ಇದು ಪ್ರಕಟವಾಯಿತು, ಆ ವಂಶವಾಹಿ ತಯಾರಿಸುವ ಪ್ರೋಟೀನಿಗೆ ಮಯೋಸ್ಟ್ಯಾಟಿನ್ ಎಂಬ ಹೆಸರು ಬಂದಿತು. ಸ್ನಾಯುವನ್ನು ನಿಲ್ಲಿಸುವಂಥದ್ದು ಎಂದು ಅದರ ಅರ್ಥ. ಇಲ್ಲಿಯೇ ಇಡೀ ವಿಷಯದ ತಿರುಳಿದೆ. ಉಬ್ಬಿದ ಮೈಯನ್ನು ನೋಡಿದವರೆಲ್ಲ ಆ ಪ್ರಾಣಿಗೆ ಏನೋ ಒಂದು ಹೆಚ್ಚಾಗಿ ದಕ್ಕಿದೆ ಎಂದುಕೊಳ್ಳುತ್ತಾರೆ, ಆದರೆ ಅಲ್ಲಿ ಆಗಿರುವುದು ನಷ್ಟ. ಸ್ನಾಯುವಿನ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವ ಮೂಗುದಾರವೇ ಕಡಿದುಹೋಗಿದೆ.

ಇಲಿಯ ಸುದ್ದಿ ಬಂದೊಡನೆ ದನಗಳ ಮೇಲೆ ಕೆಲಸ ಮಾಡುತ್ತಿದ್ದವರಿಗೆ ಕಿವಿ ನೆಟ್ಟಗಾದವು. ಲಿಯೇಜ್‌ನಲ್ಲಿಯೇ ಮಿಶೆಲ್ ಜಾರ್ಜ್ ಅವರ ತಂಡ 1995ರ ವೇಳೆಗೆ ಜೋಡಿ ಸ್ನಾಯುವಿನ ಕಾರಣವು ದನದ 30 ಜೋಡಿ ವರ್ಣತಂತುಗಳಲ್ಲಿ ಎರಡನೆಯದರ ಮೇಲೆ ಇದೆಯೆಂದು ಗೊತ್ತುಮಾಡಿಕೊಂಡಿತ್ತು. ಮಯೋಸ್ಟ್ಯಾಟಿನ್ ವಂಶವಾಹಿಯೂ ಅಲ್ಲಿಯೇ ಇತ್ತು. ಅದೇ 1997 ಮುಗಿಯುವುದರೊಳಗೆ ಲಿಯೇಜ್‌ನ ತಂಡ, ನ್ಯೂಜಿಲೆಂಡಿನ ಒಂದು ತಂಡ ಮತ್ತು ಬಾಲ್ಟಿಮೋರಿನವರು, ಹೀಗೆ ಮೂರು ಕಡೆಯವರು ಬೇರೆಬೇರೆಯಾಗಿ ಒಂದೇ ಉತ್ತರವನ್ನು ಪ್ರಕಟಿಸಿದರು: ಬೆಲ್ಜಿಯನ್ ಬ್ಲೂ ದನದ ಮಯೋಸ್ಟ್ಯಾಟಿನ್ ವಂಶವಾಹಿಯಲ್ಲಿ 11 ಅಕ್ಷರಗಳು, ಅಂದರೆ ಡಿಎನ್‌ಎಯನ್ನು ಕಟ್ಟಿರುವ ರಾಸಾಯನಿಕ ಘಟಕಗಳು, ಬಿಟ್ಟುಹೋಗಿವೆ.

ಹನ್ನೊಂದು ಅಕ್ಷರ ಹೋದರೆ ಏನಾಯಿತು ಎಂದು ನೀವು ಕೇಳಬಹುದು, ಏಕೆಂದರೆ ದನದ ಡಿಎನ್‌ಎಯಲ್ಲಿ ಅಂಥ ಅಕ್ಷರಗಳು ಕೋಟಿಗಟ್ಟಲೆ ಇವೆ. ವಂಶವಾಹಿಯ ಬರಹವನ್ನು ಜೀವಕೋಶವು ಮೂರು ಮೂರು ಅಕ್ಷರಗಳ ಪದಗಳಾಗಿ ಓದುತ್ತದೆ, ಒಂದೊಂದು ಪದಕ್ಕೆ ಪ್ರೋಟೀನು ಸರದ ಮಣಿಯಾದ ಒಂದೊಂದು ಅಮೈನೋ ಆಮ್ಲವನ್ನು ಪೋಣಿಸುತ್ತದೆ, ಪದಗಳ ನಡುವೆ ತೆರವು ಬಿಡುವ ಪದ್ಧತಿ ಅಲ್ಲಿಲ್ಲ. ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಮೂರಕ್ಷರದ ಮಾತುಗಳ ಒಂದು ಸಾಲನ್ನು ಹಲಗೆಯ ಮೇಲೆ ಬರೆಯುವುದುಂಟು: 'ಕರುವ ಹಿಡಿದು ಕೊರಳ ಬಿಗಿದು ನಿಲಿಸು'. ಇದರಲ್ಲಿ ಎರಡನೆಯ ಪದದ ಮೊದಲ ಎರಡು ಅಕ್ಷರಗಳನ್ನು ಅಳಿಸಿ ಮತ್ತೆ ಮೂರು ಮೂರಾಗಿ ಓದಿದರೆ 'ಕರುವ ದುಕೊರ ಳಬಿಗಿ ದುನಿಲಿ ಸು' ಎಂದಾಗುತ್ತದೆ. ಅಳಿಸಿದ್ದು ಎರಡೇ ಅಕ್ಷರವಾದರೂ ಅಲ್ಲಿಂದ ಮುಂದಿನ ಒಂದು ಪದವೂ ಉಳಿಯಲಿಲ್ಲ. ಹನ್ನೊಂದನ್ನು ಮೂರರಿಂದ ಭಾಗಿಸಿದರೆ ಉಳಿಯುವುದೂ ಎರಡೇ. ಬೆಲ್ಜಿಯನ್ ಬ್ಲೂನಲ್ಲಿ ಓದಿನ ಸಾಲು ಹೀಗೆ ಜರುಗಿ, ಕೆಲವು ಅರ್ಥವಿಲ್ಲದ ಪದಗಳ ನಂತರ 'ಇಲ್ಲಿಗೆ ನಿಲ್ಲಿಸು' ಎಂಬ ಸಂಕೇತ ಅಕಾಲದಲ್ಲಿ ಬಂದುಬಿಡುತ್ತದೆ. ಮಯೋಸ್ಟ್ಯಾಟಿನ್ ಮೊದಲು 375 ಅಮೈನೋ ಆಮ್ಲಗಳ ಉದ್ದದ ಸರಪಳಿಯಾಗಿ ತಯಾರಾಗುತ್ತದೆ, ಆಮೇಲೆ ಅದನ್ನು ಕತ್ತರಿಸಿದಾಗ ಬಾಲದ ಕಡೆಯ 109 ಅಮೈನೋ ಆಮ್ಲಗಳ ತುಂಡೇ ಕೆಲಸಕ್ಕೆ ಬರುವ ಭಾಗ. ಆ 109ರಲ್ಲಿ ಈ ದನಕ್ಕೆ ಸರಿಯಾಗಿ ದಕ್ಕುವುದು ಮೊದಲ 7 ಮಾತ್ರ.

ಸರಿಯಾದ ಮಯೋಸ್ಟ್ಯಾಟಿನ್ ಏನು ಮಾಡುತ್ತದೆ ಎಂಬುದನ್ನೂ ಹೇಳಬೇಕು. ಭ್ರೂಣದಲ್ಲಿ ಸ್ನಾಯುವಿನ ಮೂಲಕೋಶಗಳು ಒಡೆದು ಎರಡಾಗುತ್ತ, ಒಂದು ಹಂತದಲ್ಲಿ ಒಡೆಯುವುದನ್ನು ಬಿಟ್ಟು ಒಂದರೊಡನೊಂದು ಕೂಡಿ ಉದ್ದನೆಯ ಎಳೆಗಳಾಗುತ್ತವೆ. ಮಯೋಸ್ಟ್ಯಾಟಿನ್ ಆ ಕೋಶಗಳ ಹೊರಮೈಯಲ್ಲಿರುವ ಗ್ರಾಹಿಯೊಂದಕ್ಕೆ ಅಂಟಿಕೊಂಡು, ಇನ್ನು ಒಡೆಯಬೇಡ ಎಂಬ ಸಂದೇಶವನ್ನು ಒಳಕ್ಕೆ ಕಳುಹಿಸುತ್ತದೆ. ಆ ಸಂದೇಶ ತಲುಪದಿದ್ದರೆ ಕೋಶಗಳು ಇನ್ನಷ್ಟು ಸುತ್ತು ಒಡೆಯುತ್ತವೆ, ಎಳೆಗಳ ಸಂಖ್ಯೆ ಹೆಚ್ಚುತ್ತದೆ. ದನಗಳಲ್ಲಿ ಎಳೆಗಳ ಸಂಖ್ಯೆ ಹುಟ್ಟುವ ಮೊದಲೇ ನಿಗದಿಯಾಗಿಬಿಡುತ್ತದೆ. ಹುಟ್ಟಿದ ಮೇಲೆ ಮೇವು, ದುಡಿಮೆ, ಹಾರ್ಮೋನುಗಳಿಂದ ಆಗುವುದೆಲ್ಲ ಇದ್ದ ಎಳೆಗಳು ಉದ್ದ ದಪ್ಪವಾಗುವುದಷ್ಟೇ. ಚುಚ್ಚುಮದ್ದಿನ ಮಾತನ್ನು ಮೊದಲಿಗೇ ತಳ್ಳಿಹಾಕಿದ್ದು ಈ ಕಾರಣದಿಂದ. ಬೆಲ್ಜಿಯನ್ ಬ್ಲೂನಲ್ಲಿ ಒಟ್ಟಾರೆ ಸ್ನಾಯು ಸಾಮಾನ್ಯ ದನಕ್ಕಿಂತ ನೂರಕ್ಕೆ 20ರಷ್ಟು ಹೆಚ್ಚು. ಇಲಿಯ ಎರಡು ಮೂರು ಪಟ್ಟಿಗೆ ಹೋಲಿಸಿದರೆ ಇದು ಅಲ್ಪವೆನಿಸುತ್ತದೆ. ನೂರಾರು ವರ್ಷಗಳಿಂದ ಮಾಂಸಕ್ಕಾಗಿ ಆರಿಸುತ್ತ ಬಂದ ದನದಲ್ಲಿ ಇನ್ನೂ ಹಿಗ್ಗಲು ಉಳಿದಿದ್ದ ಅವಕಾಶ ಕಡಿಮೆಯಿದ್ದಿರಬಹುದು. ಕೊಬ್ಬೂ ಎಲುಬೂ ಕಡಿಮೆಯಾಗಿರುವುದರಿಂದ ಜೀವಂತ ತೂಕದಲ್ಲಿ ಮಾಂಸವಾಗಿ ಸಿಗುವ ಪಾಲು ಹೆಚ್ಚು. ಸ್ನಾಯುಗಳ ನಡುವಿನ ಗಟ್ಟಿ ನಾರಿನ ಅಂಶವೂ ಕಡಿಮೆಯಿರುವುದರಿಂದ ಮಾಂಸ ಮೆತ್ತಗಿರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬೇರೆ ತಳಿಗಳಲ್ಲಿಯೂ ಇದೇ ವಂಶವಾಹಿ ಬದಲಾಗಿದೆ, ಆದರೆ ಒಂದೊಂದರಲ್ಲಿ ಒಂದೊಂದು ಕಡೆ ಬದಲಾಗಿದೆ. ಸ್ಪೇನಿನ ಆಸ್ತುರಿಯಾನಾ ತಳಿಯಲ್ಲಿ ಕಾಣುವುದು ಬೆಲ್ಜಿಯನ್ ಬ್ಲೂನ ಅದೇ 11 ಅಕ್ಷರಗಳ ಲೋಪ. ಫ್ರಾನ್ಸಿನ ಶರೋಲೇ ತಳಿಯಲ್ಲಿ ಕೆಲವು ದನಗಳಿಗೆ 204ನೆಯ ಪದವೇ 'ನಿಲ್ಲಿಸು' ಎಂದು ಬದಲಾಗಿರುತ್ತದೆ. ಇಟಲಿಯ ಮಾರ್ಕಿಜಾನಾದಲ್ಲಿ ಆ ಅಡ್ಡಿ 291ನೆಯ ಪದದಲ್ಲಿದೆ. ಫ್ರಾನ್ಸಿನದೇ ಮೇನ್-ಆಂಜೂ ತಳಿಯಲ್ಲಿ ಒಂದು ಕಡೆ 7 ಅಕ್ಷರ ಹೋಗಿ ಆ ಜಾಗಕ್ಕೆ 10 ಅಕ್ಷರ ಬಂದು ಕುಳಿತಿವೆ. ಬ್ಲಾಂಡ್ ದಾಕಿತೇನ್ ತಳಿಯದು ಇನ್ನೂ ವಿಚಿತ್ರ. ಅಲ್ಲಿ ಪ್ರೋಟೀನಿನ ಪದಗಳು ಒಂದೂ ಬದಲಾಗಿಲ್ಲ. ವಂಶವಾಹಿಯ ನಡುವೆ, ಓದುವಾಗ ಕತ್ತರಿಸಿ ಬಿಸಾಡಬೇಕಾದ ಒಂದು ಭಾಗದಲ್ಲಿ ಒಂದೇ ಅಕ್ಷರ ಬದಲಾಗಿ, ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ, ಬಿಸಾಡಬೇಕಾದ ತುಂಡೊಂದು ಒಳಗೇ ಉಳಿದುಬಿಡುತ್ತದೆ. ಇಟಲಿಯ ಪಿಯೆಮೊಂಟೀಸ್ ತಳಿಯಲ್ಲಿ ಪ್ರೋಟೀನಿನ ಉದ್ದ ಸರಿಯಾಗಿಯೇ ಇದೆ, 313ನೆಯ ಜಾಗದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಬದಲು ಟೈರೋಸಿನ್ ಬಂದಿದೆ ಅಷ್ಟೆ. ಆದರೆ ಆ ಸಿಸ್ಟೀನ್ ಪ್ರೋಟೀನಿನ ಮಡಿಕೆಗಳನ್ನು ಬಿಗಿಹಿಡಿಯುವ ಗಂಟುಗಳಲ್ಲಿ ಒಂದು. ಗಂಟು ಬಿಚ್ಚಿದರೆ ಮಡಿಕೆ ನಿಲ್ಲದು, ಮಡಿಕೆ ನಿಲ್ಲದಿದ್ದರೆ ಕೆಲಸವೂ ನಡೆಯದು. ಹಗ್ಗವನ್ನು ಒಬ್ಬರು ಕತ್ತಿಯಿಂದ ಕಡಿದರು, ಒಬ್ಬರು ಗಂಟು ಬಿಚ್ಚಿದರು, ಹೋರಿ ಓಡಿದ್ದು ಮಾತ್ರ ಒಂದೇ ಬಗೆ. ಇಷ್ಟು ತಳಿಗಳಲ್ಲಿ ಇಷ್ಟು ಬಗೆಯ ಬದಲಾವಣೆಗಳು ಬೇರೆಬೇರೆಯಾಗಿ ಹುಟ್ಟಿ ಉಳಿದುಕೊಂಡವು ಎಂದರೆ, ಅಂಥ ಮೈಯನ್ನು ಮೆಚ್ಚಿ ಉಳಿಸಿಕೊಂಡ ರೈತರ ಕಣ್ಣುಗಳೂ ಹಲವು ಎಡೆಯಲ್ಲಿ ಇದ್ದವು ಎಂದೇ ಅರ್ಥ.

ಇವುಗಳಲ್ಲಿ ನನ್ನ ಮೆಚ್ಚುಗೆಗೆ ಪಾತ್ರವಾದದ್ದು ಫ್ರಾನ್ಸಿನ ಲಿಮೋಸಿನ್ ತಳಿ. ಮೇಲೆ ಹೇಳಿದ ಬದಲಾವಣೆಗಳೆಲ್ಲ ಮೂಗುದಾರವನ್ನು ಪೂರ್ತಿಯಾಗಿಯೋ ಬಹುಪಾಲೋ ಕಡಿಯುವಂಥವು. ಲಿಮೋಸಿನ್ ದನಗಳಲ್ಲಿ ಬಹಳ ಹೆಚ್ಚಾಗಿ ಕಾಣುವ ಬದಲಾವಣೆ ಅದನ್ನು ಸಡಿಲಿಸುತ್ತದೆ ಅಷ್ಟೆ. 94ನೆಯ ಜಾಗದಲ್ಲಿ ಫಿನೈಲಅಲನೀನ್ ಇರಬೇಕಾದಲ್ಲಿ ಲ್ಯೂಸಿನ್ ಇದೆ. ಈ ಜಾಗ ಇರುವುದು ಕೊನೆಯಲ್ಲಿ ಕೆಲಸ ಮಾಡುವ 109ರ ತುಂಡಿನಲ್ಲಿ ಅಲ್ಲ, ಕತ್ತರಿಸಿದ ಮೇಲೂ ಆ ತುಂಡಿಗೆ ಅಂಟಿಕೊಂಡು ಅದನ್ನು ಕಾಯುವ ಮುಂಭಾಗದಲ್ಲಿ. ಪ್ರೋಟೀನು ತಯಾರಾಗುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ಸ್ವಲ್ಪ ಕಡಿಮೆ ಮಾಡುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಲಿಮೋಸಿನ್ ಮತ್ತು ಜೆರ್ಸಿ ದನಗಳನ್ನು ಕೂಡಿಸಿ ನಡೆಸಿದ ದೀರ್ಘ ಪ್ರಯೋಗದಲ್ಲಿ ಈ ಬದಲಾವಣೆ ಪಡೆದ ಕರುಗಳಲ್ಲಿ ತೊಡೆಯ ಮಾಂಸ ನೂರಕ್ಕೆ ಕೆಲವು ಪಾಲು ಹೆಚ್ಚಾಯಿತು, ಕೊಬ್ಬು ಕಡಿಮೆಯಾಯಿತು, ಆದರೆ ಹುಟ್ಟಿದಾಗಿನ ತೂಕ ಹೆಚ್ಚಲಿಲ್ಲ. ನೋಡುವವರು ಬೆರಗಾಗುವಂಥದ್ದು ಅಲ್ಲಿ ಏನೂ ಇಲ್ಲ, ನೀವು ಲಿಮೋಸಿನ್ ದನವನ್ನು ನೋಡಿದ್ದರೆ ನನಗೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಆದರೆ ಹುಟ್ಟಿದಾಗಿನ ತೂಕ ಹೆಚ್ಚಲಿಲ್ಲ ಎಂಬ ಒಂದು ಮಾತಿನ ಬೆಲೆ ಎಷ್ಟೆಂಬುದು ಬೆಲ್ಜಿಯಂನ ಹಟ್ಟಿಗಳಲ್ಲಿ ತಿಳಿಯುತ್ತದೆ.

ಶುದ್ಧ ಬೆಲ್ಜಿಯನ್ ಬ್ಲೂ ಹಸುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದಲೇ ಆಗುತ್ತವೆ. ಕರುವಿನ ತೊಡೆ ಭುಜಗಳು ಅಗಲವಾಗಿರುತ್ತವೆ, ಅದೇ ವೇಳೆಗೆ ತಾಯಿಯ ಸೊಂಟದ ಎಲುಬಿನ ನಡುವಿನ ದಾರಿ ಕಿರಿದಾಗಿರುತ್ತದೆ. ಒಂದೇ ವಂಶವಾಹಿ ಬಾಗಿಲನ್ನು ಕಿರಿದುಮಾಡಿ, ಹೊರಬರುವವರನ್ನು ದೊಡ್ಡದುಮಾಡಿದಂತಾಗಿದೆ. ಪಶುವೈದ್ಯರು ಹಟ್ಟಿಗೇ ಬಂದು, ನಿಂತ ಹಸುವಿನ ಎಡಪಕ್ಕೆಗೆ ಅರಿವಳಿಕೆ ಕೊಟ್ಟು, ಕೊಯ್ದು, ಕರುವನ್ನು ಹೊರತೆಗೆದು ಹೊಲಿಯುತ್ತಾರೆ. ಅಲ್ಲಿನ ಪಶುವೈದ್ಯರಿಗೆ ಅದು ದಿನನಿತ್ಯದ ಕೆಲಸ. ಈ ತಳಿಯ ಚರಿತ್ರೆಯನ್ನು ನೋಡಿದರೆ, ಇಂದಿನ ಬೆಲ್ಜಿಯನ್ ಬ್ಲೂ ಎಂಬುದನ್ನು ಮಯೋಸ್ಟ್ಯಾಟಿನ್ ಎಷ್ಟು ಸೃಷ್ಟಿಸಿತೋ ಪಶುವೈದ್ಯರ ಚಾಕುವೂ ಅಷ್ಟೇ ಸೃಷ್ಟಿಸಿತು ಎನ್ನಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಳೀಯ ದನಗಳಿಗೆ ಇಂಗ್ಲೆಂಡಿನ ಶಾರ್ಟ್‌ಹಾರ್ನ್ ಹೋರಿಗಳನ್ನು ಕೂಡಿಸಿ ಬೆಳೆದ ಈ ದನ ಮೊದಲಿಗೆ ಹಾಲಿಗೂ ಮಾಂಸಕ್ಕೂ ಒದಗುತ್ತಿತ್ತು. ಶಸ್ತ್ರಚಿಕಿತ್ಸೆ ಸುರಕ್ಷಿತವಾಗಿರದ ಕಾಲದಲ್ಲಿ ಇಂಥ ಕರುವನ್ನು ಹೊತ್ತ ಹಸು ಹೆರಿಗೆಯಲ್ಲಿ ಸಾಯುವ ಸಂಭವವಿತ್ತು, ಹಾಗಾಗಿ ಆ ಗುಣ ಹಬ್ಬಲು ಮಿತಿಯೂ ಇತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನಂತರ ಸಿಸೇರಿಯನ್ ಅಗ್ಗವೂ ಸುಲಭವೂ ಆಯಿತು, ಕೃತಕ ಗರ್ಭಧಾರಣೆಯಿಂದ ಒಂದೇ ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ತಲುಪಿತು, 1970ರ ದಶಕದಿಂದ ಮಾಂಸದ ಶಾಖೆ ಹಾಲಿನ ಶಾಖೆಯಿಂದ ಬೇರೆಯಾಯಿತು. ಕೆಲವೇ ತಲೆಮಾರುಗಳಲ್ಲಿ 11 ಅಕ್ಷರಗಳ ಆ ಲೋಪ ಮಾಂಸದ ಶಾಖೆಯಲ್ಲಿ ಬಹುತೇಕ ಎಲ್ಲ ದನಗಳನ್ನೂ ಆವರಿಸಿತು.

ಹೆರಿಗೆಯ ಕಷ್ಟವೊಂದೇ ಅಲ್ಲ. ಮೈಯ ತೂಕಕ್ಕೆ ಹೋಲಿಸಿದರೆ ಈ ದನಗಳ ಹೃದಯ, ಶ್ವಾಸಕೋಶ, ಜೀರ್ಣಾಂಗಗಳು ಚಿಕ್ಕವು. ಹೆಚ್ಚು ಮೇವು ತಿನ್ನಲಾರವಾದ್ದರಿಂದ ಸತ್ವ ಹೆಚ್ಚಿರುವ ಆಹಾರವನ್ನೇ ಕೊಡಬೇಕು. ಬೇಗ ದಣಿಯುತ್ತವೆ, ಸೆಕೆಯನ್ನು ತಾಳಲಾರವು. ಕೆಲವು ಕರುಗಳು ದಪ್ಪ ನಾಲಿಗೆಯೊಡನೆ ಹುಟ್ಟಿ, ಮೊಲೆ ಚೀಪಲು ಕಷ್ಟಪಡುತ್ತವೆ.

ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲವೇ ಎಂದರೆ, ಇಟಲಿಯವರು ಹುಡುಕಿಕೊಂಡ ದಾರಿಯೊಂದಿದೆ. ಪಿಯೆಮೊಂಟೆ ಪ್ರಾಂತ್ಯದ ಗ್ವಾರೆನೆ ಎಂಬ ಊರಿನಲ್ಲಿ 1886ರಲ್ಲಿ ಕಾಣಿಸಿಕೊಂಡ ಉಬ್ಬಿದ ತೊಡೆಯ ಹೋರಿಯಿಂದ ತಮ್ಮ ತಳಿಯ ಇಂದಿನ ರೂಪದ ಕಥೆಯನ್ನು ಅವರು ಆರಂಭಿಸುತ್ತಾರೆ. ಅಲ್ಲಿಯೂ ಎರಡು ಪ್ರತಿಗಳೂ ಬದಲಾದ ದನಗಳೇ ಹೆಚ್ಚು. ಆದರೆ ಅವರು ಹೋರಿಗಳನ್ನು ಆರಿಸುವಾಗ ಮಾಂಸದ ಜೊತೆಗೆ, ಅದರ ಕರುಗಳು ಎಷ್ಟು ಸುಲಭವಾಗಿ ಹುಟ್ಟಿದವು ಮತ್ತು ಅದರ ಹೆಣ್ಣುಮಕ್ಕಳು ಎಷ್ಟು ಸುಲಭವಾಗಿ ಈದವು ಎಂಬ ಎರಡು ಲೆಕ್ಕಗಳನ್ನೂ ಇಡುತ್ತ ಬಂದರು. ಮಯೋಸ್ಟ್ಯಾಟಿನ್ ಕೆಟ್ಟಿರುವುದು ಎರಡೂ ತಳಿಗಳಲ್ಲಿ ಸಮಾನವಾಗಿದ್ದರೂ ಪಿಯೆಮೊಂಟೀಸ್ ಹಸುಗಳಲ್ಲಿ ಸಿಸೇರಿಯನ್ ಬಹಳ ಕಡಿಮೆ. ಒಂದು ವಂಶವಾಹಿಯ ಅವಾಂತರವನ್ನು ಉಳಿದ ನೂರಾರು ವಂಶವಾಹಿಗಳು ಸೇರಿ ಸಾಕಷ್ಟು ಸರಿದೂಗಿಸಬಲ್ಲವು, ಆದರೆ ಅದಕ್ಕೆ ಆರಿಸುವವರು ಮನಸ್ಸು ಮಾಡಬೇಕು. ಇನ್ನೊಂದು ದಾರಿ ನಾನು ಮೊದಲೇ ಸೂಚಿಸಿದ 'ತುಸು'ವಿನದು. ಯುರೋಪಿನ ಹಲವು ಹೈನುಗಾರರು ಮುಂದಿನ ಪೀಳಿಗೆಯ ಹಾಲಿನ ಹಸುಗಳಿಗಾಗಿ ಬೇಕಾದಷ್ಟು ಕಡಸುಗಳನ್ನು ಪಡೆದ ಮೇಲೆ, ಉಳಿದ ಹಾಲಿನ ಹಸುಗಳಿಗೆ ಬೆಲ್ಜಿಯನ್ ಬ್ಲೂ ವೀರ್ಯವನ್ನು ಕೊಡಿಸುತ್ತಾರೆ. ಹುಟ್ಟುವ ಕರುವಿಗೆ ಬದಲಾದ ಪ್ರತಿ ಒಂದೇ, ತಾಯಿಯ ಸೊಂಟ ಹಾಲಿನ ಹಸುವಿನದು, ಹಾಗಾಗಿ ಹೆರಿಗೆ ಬಹುಮಟ್ಟಿಗೆ ಸಾಮಾನ್ಯ. ಬರೀ ಹಾಲಿನ ತಳಿಯ ಗಂಡುಕರುವಿಗಿಂತ ಇದಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ. ಮೊದಲ ಸಲ ಈಯುವ ಕಡಸಿಗೆ ಮಾತ್ರ ಈ ವೀರ್ಯವನ್ನು ಕೊಡಿಸದಿರುವುದು ವಿವೇಕ.

ಬೆಲ್ಜಿಯನ್ ಬ್ಲೂನ ಬಗ್ಗೆ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಏಕೆಂದರೆ ಆರಿಸುವ ಕಣ್ಣು ಹೇಗೆ ಮೋಸಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ತಳಿಯ ಎಲ್ಲ ದನಗಳಿಗೂ ಮಯೋಸ್ಟ್ಯಾಟಿನ್ ಒಂದೇ ರೀತಿ ಕೆಟ್ಟ ಮೇಲೆ, ಇನ್ನೂ ಹೆಚ್ಚು ಸ್ನಾಯುವುಳ್ಳ ಹೋರಿಯನ್ನು ಆರಿಸಬೇಕಾದರೆ ಬೇರೆ ವಂಶವಾಹಿಗಳಲ್ಲಿರುವ ವ್ಯತ್ಯಾಸವೇ ಗತಿ. ಅಷ್ಟರಲ್ಲಿ ಬಾಲ ಸೊಟ್ಟಗಿರುವ, ಬೆಳವಣಿಗೆ ಕುಂಠಿತವಾದ ಕರುಗಳು ಅಲ್ಲಲ್ಲಿ ಹುಟ್ಟತೊಡಗಿದವು. ಲಿಯೇಜ್‌ನ ಅದೇ ತಂಡ 2009ರಲ್ಲಿ ಇದರ ಕಾರಣವನ್ನು ಎಂಆರ್‌ಸಿ-2 ಎಂಬ ವಂಶವಾಹಿಯಲ್ಲಿ ಗುರುತಿಸಿತು. ಅಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿದ್ದವು. ಅಚ್ಚರಿಯೆಂದರೆ ತಳಿಯ ಸುಮಾರು ಕಾಲುಭಾಗದಷ್ಟು ದನಗಳು ಈ ದೋಷದ ಒಂದು ಪ್ರತಿಯನ್ನು ಹೊತ್ತಿದ್ದವು. ರೋಗ ತರುವ ಬದಲಾವಣೆ ಇಷ್ಟು ಹರಡಿದ್ದು ಹೇಗೆ? ಒಂದೇ ಪ್ರತಿ ಇದ್ದ ದನಗಳು ಆರೋಗ್ಯವಾಗಿಯೇ ಇದ್ದವು, ಅಷ್ಟೇ ಅಲ್ಲ, ಇಲ್ಲದವುಗಳಿಗಿಂತ ಹೆಚ್ಚು ಮಾಂಸಲವಾಗಿದ್ದವು. ಹೋರಿಯನ್ನು ಆರಿಸುವವರು ಮೈಯನ್ನು ನೋಡಿ ಮೆಚ್ಚಿ, ತಮಗೆ ಅರಿವಿಲ್ಲದೆಯೇ ರೋಗದ ವಾಹಕಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದಿದ್ದರು. ಡಿಎನ್‌ಎ ಪರೀಕ್ಷೆ ಕೈಗೆ ಬಂದ ಮೇಲೆ ವಾಹಕ ಹೋರಿಯನ್ನು ವಾಹಕ ಹಸುವಿಗೆ ಕೂಡಿಸದಂತೆ ನೋಡಿಕೊಳ್ಳುವುದು ಸಾಧ್ಯವಾಯಿತು.

ಮಾಂಸದ ತಳಿಗಳಲ್ಲಿ ಬೆಳವಣಿಗೆಯನ್ನು ಪ್ರಭಾವಿಸುವ ಬೇರೆ ವಂಶವಾಹಿಗಳೂ ಇವೆ. ಆರನೆಯ ವರ್ಣತಂತುವಿನ ಎನ್‌ಸಿಎಪಿಜಿ ಮತ್ತು ಎಲ್‌ಸಿಓಆರ್‌ಎಲ್ ವಂಶವಾಹಿಗಳಿರುವ ಭಾಗ, ಹದಿನಾಲ್ಕನೆಯದರ ಪಿಎಲ್‌ಎಜಿ-1 ಇವು ಒಟ್ಟು ಎತ್ತರ, ತೂಕಗಳನ್ನು ನಿರ್ಧರಿಸುವುದರಲ್ಲಿ ಪಾಲುಗೊಳ್ಳುತ್ತವೆ. ಕ್ಯಾಲ್ಪೇನ್, ಕ್ಯಾಲ್ಪಸ್ಟಾಟಿನ್ ವಂಶವಾಹಿಗಳ ವ್ಯತ್ಯಾಸ ಸ್ನಾಯುವಿನ ಪ್ರಮಾಣಕ್ಕಿಂತ ಮಾಂಸದ ಮೆದುತನಕ್ಕೆ ಸಂಬಂಧಿಸಿದ್ದು. ಇವುಗಳಲ್ಲಿ ಒಂದೂ ಮಯೋಸ್ಟ್ಯಾಟಿನ್‌ನಂತೆ ಕಣ್ಣಿಗೆ ರಾಚುವುದಿಲ್ಲ. ಉಳಿದ ವ್ಯತ್ಯಾಸವೆಲ್ಲ ಅಣುವಣುವಾಗಿ ನೂರಾರು ಕಡೆ ಹಂಚಿಹೋಗಿದೆ.

ಇನ್ನು ನಿಮ್ಮ ಹಳ್ಳಿಕಾರ್. ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ ದನಗಳ ವಧೆಗೆ ಅವಕಾಶವಿಲ್ಲದಿರುವುದರಿಂದ ಮಾಂಸದ ತಳಿಯ ಪ್ರಶ್ನೆ ಏಳುವುದಿಲ್ಲ. ಅದನ್ನು ಬದಿಗಿಟ್ಟು ಬರೀ ಜೀವಶಾಸ್ತ್ರದ ದೃಷ್ಟಿಯಿಂದ ನೋಡಿದರೂ, ಮಯೋಸ್ಟ್ಯಾಟಿನ್ ಕೆಡುವುದರಿಂದ ದುಡಿಯುವ ಎತ್ತಿಗೆ ಲಾಭವಿಲ್ಲ. ಸ್ನಾಯುವಿನಲ್ಲಿ ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳೂ, ಥಟ್ಟನೆ ಬಲ ತೋರಿಸಿ ಬೇಗ ಸೋಲುವ ಎಳೆಗಳೂ ಇರುತ್ತವೆ. ಜೋಡಿ ಸ್ನಾಯುವಿನ ದನದಲ್ಲಿ ಎರಡನೆಯ ಬಗೆಯವುಗಳ ಪಾಲು ಹೆಚ್ಚು. ನಮ್ಮ ಹಳ್ಳಿಕಾರ್, ಅಮೃತಮಹಲ್ ದನಗಳನ್ನು ಶತಮಾನಗಳಿಂದ ಆರಿಸಿದ್ದು ಉಳುಮೆಗೆ, ಗಾಡಿಗೆ, ಒಂದು ಕಾಲಕ್ಕೆ ಸೇನೆಯ ಸಾಗಾಣಿಕೆಗೆ. ಬಿಸಿಲಿನಲ್ಲಿ ದಿನವಿಡೀ ನಡೆಯಬೇಕಾದ ಎತ್ತಿಗೆ ಬೇಕಾದದ್ದು ತೆಳ್ಳಗಿನ ಬಿಗಿಯಾದ ಮೈ, ದೊಡ್ಡ ಎದೆಗೂಡು, ಸೆಕೆ ತಾಳುವ ಶಕ್ತಿ. ಬೆಲ್ಜಿಯನ್ ಬ್ಲೂಗೆ ಇಲ್ಲದಿರುವುದು ಸರಿಯಾಗಿ ಇವೇ. ಹಳ್ಳಿಕಾರ್ ಹಸುವಿಗೆ ಆ ವೀರ್ಯವನ್ನು ಕೊಡಿಸುವ ಯೋಚನೆ ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ.

ಭಾರತದ ದನಗಳಿಗೂ ಜಗತ್ತಿನ ಮಾಂಸದ ತಳಿಗಳಿಗೂ ನಂಟೇ ಇಲ್ಲವೆಂದು ಇದರಿಂದ ತಿಳಿಯಬಾರದು. ಅಮೆರಿಕದ ಬ್ರಾಹ್ಮನ್ ತಳಿಯನ್ನು ಕಟ್ಟಿದ್ದು ಕಾಂಕ್ರೇಜ್, ಓಂಗೋಲ್, ಗಿರ್ ದನಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ದನವನ್ನೂ ಸೇರಿಸಿಕೊಂಡು. ಬ್ರೆಜಿಲ್‌ನಲ್ಲಿ ಮಾಂಸಕ್ಕಾಗಿ ಅಪಾರ ಸಂಖ್ಯೆಯಲ್ಲಿ ಸಾಕುವ ನೆಲೋರ್ ದನದ ಮೂಲ ಆಂಧ್ರದ ಓಂಗೋಲ್. ಅಲ್ಲಿನವರಿಗೆ ಈ ದನಗಳಿಂದ ಬೇಕಾಗಿದ್ದುದು ಸೆಕೆಯನ್ನೂ ರಕ್ತ ಹೀರುವ ಉಣ್ಣಿಗಳನ್ನೂ ತಾಳುವ ಗುಣ. ಸ್ನಾಯುವಿಗಾಗಿ ಯಾರೂ ಇವನ್ನು ಕರೆದೊಯ್ಯಲಿಲ್ಲ. ಈ ತಾಳಿಕೆಯನ್ನೂ ಹೆಚ್ಚಿನ ಸ್ನಾಯುವನ್ನೂ ಒಂದೇ ಮೈಯಲ್ಲಿ ಸೇರಿಸಬಹುದೇ ಎಂದು ನೋಡಲು ಡಿಎನ್‌ಎಯನ್ನು ತಿದ್ದುವ ತಂತ್ರದಿಂದ ಮಯೋಸ್ಟ್ಯಾಟಿನ್ ಕೆಡಿಸಿದ ನೆಲೋರ್ ಕರುಗಳನ್ನು ಹುಟ್ಟಿಸಿದ ವರದಿ 2015ರಲ್ಲಿ ಬಂದಿತು. ನಮ್ಮ ದೇಶದಲ್ಲಿಯೂ 2025ರಲ್ಲಿ ಕಾಶ್ಮೀರದ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದವರು ಇದೇ ವಂಶವಾಹಿಯನ್ನು ತಿದ್ದಿದ ಕುರಿಮರಿಯನ್ನು ಪಡೆದಿರುವುದಾಗಿ ಪ್ರಕಟಿಸಿದರು.

ಕುರಿಯ ಮಾತು ಬಂದದ್ದರಿಂದ ಬಂಡೂರಿನ ಬಗ್ಗೆ ಹೇಳಿ ಮುಗಿಸುತ್ತೇನೆ. ಹಾಲೆಂಡ್ ಮೂಲದ ಟೆಕ್ಸೆಲ್ ಎಂಬ ಕುರಿಯೂ ತುಂಬಿದ ತೊಡೆಗಳಿಗೆ ಹೆಸರಾದದ್ದು. ಅದರಲ್ಲಿ ಮಯೋಸ್ಟ್ಯಾಟಿನ್ ಪ್ರೋಟೀನು ಒಂದಕ್ಷರವೂ ತಪ್ಪಿಲ್ಲದೆ ಇದೆ. ವಂಶವಾಹಿಯ ಬರಹ ಮುಗಿದ ಮೇಲಿನ ಬಾಲದಂಥ ಭಾಗದಲ್ಲಿ ಒಂದೇ ಅಕ್ಷರ ಬದಲಾಗಿದ್ದು, ಅದರಿಂದಾಗಿ ಸ್ನಾಯುವಿನಲ್ಲಿ ಹೇರಳವಾಗಿರುವ ಎರಡು ಕಿರು ಆರ್‌ಎನ್‌ಎ (ಡಿಎನ್‌ಎಯಿಂದ ನಕಲಾಗುವ ಅಣು) ತುಣುಕುಗಳು, ಪ್ರೋಟೀನು ತಯಾರಿಸಲು ವಂಶವಾಹಿಯಿಂದ ನಕಲಾಗಿ ಹೋಗುವ ಸಂದೇಶಕ್ಕೆ ಬಂದು ಅಂಟಿಕೊಳ್ಳುತ್ತವೆ, ಸಂದೇಶದಲ್ಲಿ ಒಂದಷ್ಟು ಪ್ರೋಟೀನಾಗುವ ಮೊದಲೇ ಅಡಗಿಹೋಗುತ್ತದೆ ಎಂಬುದನ್ನು 2006ರಲ್ಲಿ ಪತ್ತೆಹಚ್ಚಿದ್ದು ಕೂಡ ಲಿಯೇಜ್‌ನವರೇ. ಬಂಡೂರು ಕುರಿಯ ಗಿಡ್ಡ ಕಾಲು, ಹಿಂದಿನಿಂದ ನೋಡಿದಾಗ ತುಂಬಿ ನಿಂತಂತೆ ಕಾಣುವ ತೊಡೆಗಳು ಇಂಥದೇ ಒಂದು ದೊಡ್ಡ ಬದಲಾವಣೆಯಿಂದ ಬಂದಿರಬಹುದು, ಇಲ್ಲವೇ ಚಿಕ್ಕ ಚಿಕ್ಕ ಹಲವು ವ್ಯತ್ಯಾಸಗಳು ಕೂಡಿ ಬಂದಿರಬಹುದು. ಆಕಾರವೊಂದನ್ನೇ ನೋಡಿ ಇವೆರಡರಲ್ಲಿ ಯಾವುದೆಂದು ಹೇಳಲು ಬರುವುದಿಲ್ಲ. ಆದರೆ ಮನೆಯಲ್ಲಿಯೇ ಗಮನಿಸಬಹುದಾದ ಒಂದು ಕುರುಹು ಇದೆ. ಬಂಡೂರು ಟಗರನ್ನು ಬೇರೆ ನಾಟಿ ಕುರಿಗೆ ಬಿಟ್ಟು, ಹುಟ್ಟಿದ ಮರಿಗಳನ್ನು ಅವುಗಳಲ್ಲಿಯೇ ಕೂಡಿಸಿದಾಗ, ಮೊಮ್ಮಕ್ಕಳಲ್ಲಿ ಸುಮಾರು ನಾಲ್ಕಕ್ಕೊಂದು ಅಜ್ಜನ ಮೈಯನ್ನೇ ಅಚ್ಚೊತ್ತಿದಂತೆ ಪಡೆದು ಉಳಿದವು ಬೇರೆಯಾಗಿ ನಿಂತರೆ ಒಂದೇ ವಂಶವಾಹಿಯ ಕಡೆಗೆ ಅನುಮಾನ ತಿರುಗುತ್ತದೆ. ಎಲ್ಲ ಬಗೆಯ ಮೈಗಳೂ ಸಣ್ಣ ಸಣ್ಣ ಅಂತರದಲ್ಲಿ ಹರಡಿಕೊಂಡಿದ್ದರೆ ಹಲವು ವಂಶವಾಹಿಗಳ ಕಡೆಗೆ. ಹತ್ತು ಹನ್ನೆರಡು ಮರಿಗಳಿಂದ ಇದು ತೀರ್ಮಾನವಾಗುವುದಿಲ್ಲ. ಹುಟ್ಟಿದ ಪ್ರತಿಯೊಂದು ಮರಿಯ ತಂದೆತಾಯಿ, ಹುಟ್ಟಿದಾಗಿನ ತೂಕ, ಮೂರು ತಿಂಗಳಿನ ತೂಕ ಇಷ್ಟನ್ನು ನೀವು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತ ಹೋದರೆ, ಮುಂದೆ ಆ ಕುರಿಗಳ ರಕ್ತದ ಮಾದರಿಯಿಂದ ಡಿಎನ್‌ಎಯನ್ನು ಓದುವವರಿಗೆ ಆ ಪುಸ್ತಕವೇ ಮೊದಲು ಬೇಕಾಗುತ್ತದೆ.